ಸರಿ ಭಾವನ ಗಾಡಿ ಬಿಚ್ಚಿದ ಭಾನುವಾರ

ನಮ್ಮಕ್ಕನ ಗಂಡನಿಗೆ ಮನೆಮಂದಿಯೆಲ್ಲ ಸೇರಿ ಇಟ್ಟ ಹೆಸರು ಸರಿ ಭಾವ. ಅವರ ಮನೆಯಲ್ಲಿ ಯಾವ ವಸ್ತುವೂ ಕೆಡುವುದಿಲ್ಲ, ಬಳಸುವವರು ಕೆಟ್ಟಿರುತ್ತಾರೆ ಅಷ್ಟೆ. ಬಾಗಿಲು ಸಿಕ್ಕಿಕೊಂಡರೆ, "ಬಾಗಿಲು ಸರಿ ಇದೆ, ನೀನು ತಳ್ಳೋದು ಸರಿ ಇಲ್ಲ." ಮಿಕ್ಸಿ ಕಿರುಚಿ ನಿಂತರೆ, "ಮಿಕ್ಸಿ ಸರಿ ಇದೆ, ನೀವು ತುಂಬಿರೋದು ಜಾಸ್ತಿ." ಬೇಕರಿ ನಡೆಸುವ ಮನುಷ್ಯ. ಅವರ ಬ್ರೆಡ್ಡು ಮಾತ್ರ ನಿಜವಾಗಿಯೂ ಯಾವತ್ತೂ ಕೆಟ್ಟದ್ದಿಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಅವರ ಮನೆಯ ಮಹಡಿಯಲ್ಲೇ ಇರುವ ನಾದಿನಿ ನಾನು. ದಿನಕ್ಕೊಂದು ಸಲ ಅವರೊಡನೆ ಜಗಳವಾಡದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ.

ಭಾವನ ಹಳೇ ಮೋಟಾರ್‌ಸೈಕಲ್ಲಂತೂ ಸರಿಗಿಂತ ಸರಿ. ಮೆಕ್ಯಾನಿಕ್ಕನ ನೆರಳೂ ಅದರ ಮೇಲೆ ಬೀಳಲು ಬಿಟ್ಟವರಲ್ಲ. ಮಗಳು ಗಾಡಿ ಕಲಿತದ್ದೂ ಅದರಲ್ಲೇ. ಅವಳು ಲ್ಯಾಬಿನ ಓದು ಮುಗಿಸಿದ್ದಳು. ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆದು ತರುವ ಕೆಲಸ ಸಿಕ್ಕಿತ್ತು. ಗಾಡಿಯ ಲೈಸೆನ್ಸು ತಂದು ತೋರಿಸಿದ ದಿನ ಸೇರಿಕೊಳ್ಳಿ ಎಂದಿದ್ದರು.

ಲೈಸೆನ್ಸು ಬೇಕಾದರೆ ಕಾಲು ಊರದೆ ಎಂಟು ಹಾಕಿ ತೋರಿಸಬೇಕು. ಇವಳು ಅರ್ಧ ಎಂಟು ಹಾಕುವಷ್ಟರಲ್ಲಿ ಹ್ಯಾಂಡಲ್ ತೊನೆದಾಡಿ ಕಾಲು ನೆಲಕ್ಕೆ ತಾಗಿತು. ಫೇಲು. ಮನೆಗೆ ಬಂದು, "ಹ್ಯಾಂಡಲ್ ನಡುವೆ ಎಲ್ಲೋ ಹಿಡಿಯುತ್ತೆ ಅಪ್ಪ" ಎಂದಳು. ಭಾವ ತಲೆಯೆತ್ತದೆ ಹೇಳಿದರು: "ಗಾಡಿ ಸರಿ ಇದೆ. ನಿನ್ನ ಕೈ ನಡುಗುತ್ತೆ."

ಅಂದವರು ಅಲ್ಲೇ ಮರೆತರು, ಕೇಳಿಸಿಕೊಂಡವಳು ಮರೆಯಲಿಲ್ಲ. ಅವತ್ತಿನಿಂದ ಹುಡುಗಿ ಟೀ ಲೋಟವನ್ನು ಎರಡು ಕೈಯಲ್ಲಿ ಹಿಡಿಯತೊಡಗಿದಳು. ಒಂದು ಸಂಜೆ ಮಹಡಿಗೆ ಬಂದು ನನ್ನ ಮುಂದೆ ಬೆರಳು ಚಾಚಿದಳು.

"ನೋಡು ಚಿಕ್ಕಮ್ಮ, ನಡುಗ್ತಿದೆಯಾ? ನಡುಗೋ ಕೈಯಲ್ಲಿ ಜನಕ್ಕೆ ಸೂಜಿ ಹೇಗೆ ಚುಚ್ಚಲಿ? ನಾಡಿದ್ದು ಇನ್ನೊಂದು ಸಲ ಪರೀಕ್ಷೆಗೆ ಕರೆದಿದ್ದಾರೆ. ಅದರಲ್ಲೂ ಫೇಲಾದ್ರೆ ಕೆಲಸಕ್ಕೆ ಬರಲ್ಲ ಅಂತ ಹೇಳಿಬಿಡ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ದಡದಡ ಮೆಟ್ಟಿಲಿಳಿದು ಹೋಗಿ, "ಭಾವ, ಎಲ್ಲಿ, ನೀವೇ ಒಂದು ಎಂಟು ಹಾಕಿ ನೋಡೋಣ" ಎಂದೆ.

"ಎಂಟೇನು, ಎಂಬತ್ತೆಂಟು ಹಾಕ್ತೀನಿ" ಎಂದು ಹಿತ್ತಿಲಲ್ಲಿ ಗಾಡಿ ಹತ್ತಿದರು. ಹೋಗುವಾಗ ಚೆನ್ನಾಗಿಯೇ ಹೋದರು. ತಿರುಗಿಸಬೇಕಾದ ಕಡೆ ಹ್ಯಾಂಡಲ್ ನೆಟ್ಟಗೆ ಕಚ್ಚಿಕೊಂಡಿತು. ಗಾಡಿ ಸೀದಾ ಬಟ್ಟೆ ಒಣಹಾಕಿದ್ದ ಹಗ್ಗಕ್ಕೆ ನುಗ್ಗಿತು. ಅಕ್ಕನ ಒದ್ದೆ ಹಾಸುಬಟ್ಟೆಯನ್ನು ಹೊದ್ದುಕೊಂಡೇ ಇಳಿದ ಭಾವ, "ಹಗ್ಗ ಕಟ್ಟಿರೋದು ಸರಿ ಇಲ್ಲ" ಎಂದರು. ಅಕ್ಕನಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದಳು.

ಮರುದಿನ ಭಾನುವಾರ, ಬೇಕರಿಗೆ ರಜೆ. ಬೆಳಿಗ್ಗೆ ನೋಡಿದರೆ ಎಂಜಿನ್ನಿನ ಕೆಳಗೆ ಮರದ ಪೆಟ್ಟಿಗೆ ಕೊಟ್ಟು ಭಾವ ಮುಂದಿನ ಚಕ್ರ ಬಿಚ್ಚುತ್ತಿದ್ದಾರೆ. "ಸುಮ್ನೆ ಗ್ರೀಸ್ ಹಚ್ಚೋಣ ಅಂತ" ಎಂದರು. ಗ್ರೀಸ್ ಹಚ್ಚುವವರು ಅಂಗಡಿಯಿಂದ ಹೊಸ ಕೋನ್‌ಸೆಟ್ ತಂದು ಫ್ರೀಜರಿನಲ್ಲಿ ಯಾಕಿಟ್ಟಿದ್ದೀರಿ ಎಂದು ಕೇಳಿದೆ. "ಇರಲಿ ಅಂತ. ತಣ್ಣಗಾದ್ರೆ ಕುಗ್ಗುತ್ತೆ, ಸಲೀಸಾಗಿ ಕೂರುತ್ತೆ" ಎಂದು ಮುಖ ತಿರುಗಿಸಿದರು.

ಹ್ಯಾಂಡಲ್ ತಿರುಗುವ ದಪ್ಪ ಕೊಳವೆಯ ಮೇಲೊಂದು, ಕೆಳಗೊಂದು ಉಕ್ಕಿನ ಬಟ್ಟಲು ಬಿಗಿಯಾಗಿ ಕೂತಿರುತ್ತದೆ. ಅದರಲ್ಲಿ ಸಣ್ಣ ಗುಂಡುಗಳು ಉರುಳಿದರೆ ಹ್ಯಾಂಡಲ್ ತಿರುಗುತ್ತದೆ. ಆ ಇಡೀ ಸಂಸಾರಕ್ಕೇ ಕೋನ್‌ಸೆಟ್ ಎಂದು ಹೆಸರು. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕನ್ನು ಕೆಳಗೆಳೆದದ್ದೇ ತಡ, ಗುಂಡುಗಳು ಹಿತ್ತಿಲೆಲ್ಲ ಚೆಲ್ಲಾಪಿಲ್ಲಿಯಾದವು. ಭಾವ ಅವನ್ನು ಗುಡಿಸಿ ಮೈದಾ ಜರಡಿಯಲ್ಲಿ ಮಣ್ಣು ಜರಡಿ ಹಿಡಿದದ್ದಕ್ಕೆ ಅಕ್ಕ ಆಡಿದ ಮಾತುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ.

ಗುಂಡು ಬಂದವು, ಬಟ್ಟಲು ಬರಲಿಲ್ಲ. ಕೆಳಗಿನ ಬಟ್ಟಲಿಗೆ ಮೇಲಿನಿಂದ ಸರಳು ತೂರಿಸಿ ಭಾವ ಸುತ್ತಿಗೆಯಲ್ಲಿ ಬಾರಿಸಿದರು, ಅದು ಜಪ್ಪಯ್ಯ ಅನ್ನಲಿಲ್ಲ. "ಅಚ್ಚು ಬಿಸಿಯಾದ್ರೆ ಬನ್ನು ಬಿಡುತ್ತೆ" ಎಂದು ಅಕ್ಕನಿಂದ ಕುದಿವ ನೀರು ತರಿಸಿ ಕೊಳವೆಯ ಮೇಲೆ ಸುರಿದು ಮತ್ತೆ ಬಾರಿಸಿದರು. ಪಕ್ಕದ ಮನೆಯವರು ಬಂದು, ಗೋಡೆ ಒಡೆಸ್ತಿದ್ದೀರಾ ಎಂದು ವಿಚಾರಿಸಿಕೊಂಡು ಹೋದರು.

"ಬಟ್ಟಲು ಸರಿ ಇದೆ ಭಾವ, ನೀವು ಹೊಡೆಯೋದು ಸರಿ ಇಲ್ಲ" ಎಂದೆ. ಇಷ್ಟು ವರ್ಷ ಕಾದಿದ್ದಕ್ಕೆ ಸಾರ್ಥಕವಾಯಿತು.

ಅಷ್ಟರಲ್ಲಿ ಮಗಳು ಬಂದು ಕುಕ್ಕರುಗಾಲಲ್ಲಿ ಕೂತು, ಕೆಳಗಿನಿಂದ ಕೊಳವೆಯೊಳಗೆ ಬೆರಳು ಹಾಕಿ ಸುತ್ತಲೂ ತಡವಿದಳು.

"ಅಪ್ಪ, ನೀನು ಬಟ್ಟಲಿಗೆ ಹೊಡೀತಾನೇ ಇಲ್ಲ. ಕೊಳವೆ ಒಳಗೇ ಒಂದು ಮೆಟ್ಟಿಲಿದೆ, ಏಟೆಲ್ಲ ಅದಕ್ಕೇ ಬೀಳ್ತಿದೆ. ಬಟ್ಟಲಿನ ಅಂಚು ಎದುರುಬದುರು ಎರಡೇ ಕಡೆ ಸಿಗುತ್ತೆ, ಅದೂ ಉಗುರಿನಷ್ಟು."

ಭಾವ ಸರಳಿನ ತುದಿಯನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ಚೂಪು ಮಾಡಿದರು. ಆದರೂ ಒಂದೇ ಕೈಯಲ್ಲಿ ಹಿಡಿದು ಹೊಡೆದಾಗ ಅದು ಜಾರುತ್ತಿತ್ತು. ಹಿಡಿಯಲು ಇನ್ನೊಬ್ಬರು ಬೇಕಿತ್ತು. ನನ್ನ ಕಡೆ ನೋಡಿದರು, ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. ಬೇಕೆಂದೇ ಕಟ್ಟಿಕೊಂಡೆ.

"ನಾನು ಹಿಡೀಲಾ?" ಎಂದಳು ಹುಡುಗಿ. "ಆದರೆ ನನ್ನ ಕೈ..."

ಭಾವ ಸರಳನ್ನು ಅವಳ ಕಡೆ ಚಾಚಿದರು. ಅವಳು ಸರಳಿನ ತುದಿಯನ್ನು ಆ ಉಗುರಿನಷ್ಟು ಅಂಚಿಗೆ ಕೊಟ್ಟು ಹಿಡಿದಳು. ಭಾವ ಹಿಟ್ಟು ತಟ್ಟುವಂತೆ ಮೆಲ್ಲಗೆ ತಟ್ಟಿದರು. ಅವಳ ಕೈಗೆ ಏಟು ಬಿದ್ದೀತೆಂಬ ಭಯಕ್ಕೆ ಅವರ ಹಣೆಯೆಲ್ಲ ಬೆವರು.

"ಜೋರಾಗಿ ಹೊಡಿ ಅಪ್ಪ. ನಾನು ಹಿಡ್ಕೊಂಡಿದ್ದೀನಿ."

ಹೊಡೆದರು. ಅವಳು ಸರಳನ್ನು ಎದುರು ಬದಿಗೆ ಇಟ್ಟಳು, ಮತ್ತೆ ಹೊಡೆದರು. ಆ ಕಡೆ ಒಂದು, ಈ ಕಡೆ ಒಂದು. ಸರಳು ಒಂದು ಸಲವೂ ಜಾರಲಿಲ್ಲ. ಠಣ್ ಎನ್ನುತ್ತಿದ್ದ ಸದ್ದು ಮಂದವಾಯಿತು, ಬಟ್ಟಲು ಟಪ್ಪೆಂದು ನೆಲಕ್ಕೆ ಬಿತ್ತು. ನಾನೂ ಅಕ್ಕನೂ ಕುಣಿದದ್ದೊಂದು ಬಾಕಿ.

ಭಾವ ಅದನ್ನು ಎತ್ತಿಕೊಂಡು, ಒಣಗಿ ಅಂಟಾಗಿದ್ದ ಕರೀ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿಯಿಂದ ಒರೆಸಿದರು. ಗುಂಡುಗಳು ಕೂತು ಕೂತು ಉಕ್ಕಿನಲ್ಲಿ ಸಾಲಾಗಿ ಕುಳಿ ಬಿದ್ದಿದ್ದವು. ನಡುವೆ ಬಂದಾಗಲೆಲ್ಲ ಹ್ಯಾಂಡಲ್ ಆ ಕುಳಿಗಳಿಗೇ ಇಳಿದು ಕೂರುತ್ತಿತ್ತು. ಅವರು ಮಗಳ ಬೆರಳು ಹಿಡಿದು ಒಂದೊಂದೇ ಕುಳಿಯ ಮೇಲೆ ಆಡಿಸಿದರು.

"ಗಾಡಿ ಸರಿ ಇರಲಿಲ್ಲ ಕಣಮ್ಮ. ನಿನ್ನ ಕೈ ಸರಿ ಇದೆ."

ಅಕ್ಕನ ಕೈಯಲ್ಲಿದ್ದ ಜರಡಿ ಕೆಳಗೆ ಬಿತ್ತು. ಹುಡುಗಿ ಗ್ರೀಸಿನ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡಳು. ನನಗೂ ಕಣ್ಣು ತುಂಬಿತು, ಅದು ಸೀಮೆಎಣ್ಣೆ ಘಾಟಿಗೆ ಎಂದು ಹೇಳಿದೆ.

ಮೇಲಿನ ಬಟ್ಟಲನ್ನೂ ಹಾಗೆಯೇ ಬಿಡಿಸಿದರು. ಫ್ರೀಜರಿನಿಂದ ತೆಗೆದ ಹೊಸ ಬಟ್ಟಲಿಗೆ ಸುತ್ತಿಗೆ ತಾಗದಂತೆ ಮೇಲೆ ಹಳೆಯದನ್ನೇ ಬೋರಲು ಇಟ್ಟು ತಟ್ಟಿ ಕೂರಿಸಿದರು. ಸೋಮವಾರ ಹುಡುಗಿ ಎಂಟು ಹಾಕಿದಳು. ಸಾಕು ಸಾಕು ಎಂದರೂ ಇನ್ನೊಂದು ಹಾಕಿದಳಂತೆ.

ಕೆಲಸಕ್ಕೆ ಸೇರಿದ ವಾರವೇ, ಡಾಕ್ಟರು ಬರೆದುಕೊಟ್ಟಿದ್ದ ಸಕ್ಕರೆ ಪರೀಕ್ಷೆಗೆ ಭಾವನ ರಕ್ತ ತೆಗೆಯುವ ಸರದಿ ಬಂತು. ಮಗಳು ಅದೇ ಗಾಡಿಯಲ್ಲಿ ಬಂದಳು, ಚೀಲ ತೆರೆದಳು, ತೋಳಿಗೆ ಪಟ್ಟಿ ಬಿಗಿದಳು. ಕುಲುಮೆಯಂಥ ಒಲೆಯ ಮುಂದೆ ಜೀವನ ಕಳೆದ ಮನುಷ್ಯ ಸೂಜಿ ಕಂಡು ಗೋಡೆಗೆ ಮುಖ ಮಾಡಿದರು. ಮೇಜೂ ಅಲುಗಾಡುವಂತೆ ತೋಳು ನಡುಗುತ್ತಿತ್ತು.

"ಏನಪ್ಪ, ಮೇಜು ಸರಿ ಇಲ್ವಾ?" ಎಂದಳು.

"ಮೇಜು ಸರಿ ಇದೆ" ಎಂದರು ಭಾವ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು. "ನಡುಗ್ತಿರೋದು ನನ್ನ ಕೈ. ನೀನು ಹಿಡ್ಕೋ."

ಅವಳು ಒಂದು ಕೈಯಲ್ಲಿ ಅವರ ಕೈ ಹಿಡಿದುಕೊಂಡು, ಇನ್ನೊಂದರಲ್ಲಿ ಸೂಜಿ ಚುಚ್ಚಿದಳು. ಚುಚ್ಚಿದ್ದು ಯಾವಾಗ ಎಂದು ಭಾವ ಇವತ್ತಿಗೂ ಕೇಳುತ್ತಿರುತ್ತಾರೆ.