ಅವ್ವ ಹೋದ ಹೊತ್ತು

ಅವ್ವ ತೀರಿಕೊಂಡ ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಒಂದು ಹಳೇ ಕಂಪ್ಯೂಟರ್ ಮುಂದಿಟ್ಟುಕೊಂಡು ಕೂತಿದ್ದೆ. ತಿಪಟೂರಿನ ಕೊಬ್ಬರಿ ಮಂಡಿಯವರೊಬ್ಬರದು. "ಬಿಲ್ಲಿನ ಮೇಲೆ ಟೈಮ್ ಹಿಂದೆ ಬೀಳ್ತದೆ ಕಣ್ರೀ, ಒಸಿ ನೋಡಿ" ಅಂತ ಕೊಟ್ಟುಹೋಗಿದ್ದರು. ತುರುವೇಕೆರೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಅವ್ವ ಹಾಸಿಗೆ ಹಿಡಿದ ಮೇಲೆ ಕೆಲಸವನ್ನೂ ಊರಿನ ಮನೆಗೇ ಹೊತ್ತು ತರುತ್ತಿದ್ದೆ. ಒಳಕೋಣೆಯಿಂದ ಅಪ್ಪ, "ಬಾರ್ಲಾ ಇಲ್ಲಿ" ಅಂದ. ಹೋದೆ. ಅವ್ವನ ಕೈ ಅವನ ಎರಡೂ ಕೈಗಳ ನಡುವೆ ಇತ್ತು. ಮೂಗಿನ ಹತ್ತಿರ ಬೆರಳು ಹಿಡಿದೆ. ಉಸಿರಿರಲಿಲ್ಲ.

ನಮ್ಮ ಕಡೆ ಸಾವಿನ ಮನೆಯಲ್ಲಿ ಅಳುವುದಕ್ಕಿಂತ ಮೊದಲು ಗಂಟೆ ನೋಡುತ್ತಾರೆ. ಕೆಟ್ಟ ನಕ್ಷತ್ರದಲ್ಲಿ ಜೀವ ಹೋಗಿದ್ದರೆ ಮನೆಮಂದಿಯೆಲ್ಲ ಮನೆಬಾಗಿಲು ಹಾಕಿ ತಿಂಗಳುಗಟ್ಟಲೆ ಬೇರೆ ಕಡೆ ಇರಬೇಕು. ಪಕ್ಕದ ಮನೆಯಿಂದ ಓಡಿಬಂದ ಚಿಕ್ಕಪ್ಪ ಕೇಳಿದ್ದೂ ಅದನ್ನೇ. "ಟೈಮೆಷ್ಟಾಯ್ತ್ಲಾ?" ನಾನು ಪಡಸಾಲೆಗೆ ಬಂದು ಪರದೆಯ ಮೂಲೆ ನೋಡಿದೆ. ಮೂರೂಕಾಲು ಅಂದೆ.

ಆಮೇಲೆ ನನಗೆ ಏನೂ ಆಗಲಿಲ್ಲ. ಇದನ್ನು ಬೇರೆ ರೀತಿ ಹೇಳೋದಕ್ಕೆ ನನಗೆ ಬರಲ್ಲ. ಅಳು ಬರಲಿಲ್ಲ, ಮನಸ್ಸು ಜೋಮು ಹಿಡಿದ ಕಾಲಿನ ಹಾಗೆ ಬಿದ್ದಿತ್ತು. ತೋಟದಲ್ಲಿ ಮಣ್ಣು ಮಾಡಿ ಬಂದೆವು. ಯಾರೋ ಕಾಫಿ ಕೊಟ್ಟರು, ಕುಡಿದೆ. ಅದಕ್ಕೆ ಸಕ್ಕರೆ ಹಾಕಿದ್ದರೋ ಇಲ್ಲವೋ ಇವತ್ತಿಗೂ ಹೇಳಲಾರೆ.

ಮಾರನೇ ದಿನ ಜೋಯಿಸರು ಬಂದು ಪಂಚಾಂಗ ಬಿಡಿಸಿದರು. "ನಕ್ಷತ್ರ ಕಳೆದಿದ್ದು ಮೂರೂವರೆಗೆ. ಮೂರೂಕಾಲು ಅಂದ್ರೆ ಒಳಗೇ ಬಂತಲ್ಲಪ್ಪ. ಮೂರು ತಿಂಗಳು ಮನೆ ಬಿಡಬೇಕು" ಅಂದರು. ಬೇರೆ ಯಾರ ಮನೆಯಲ್ಲಾದರೂ ಈ ಮಾತು ಕೇಳಿದ್ದರೆ ನಾನು ಕಾಲು ಕೆರೆದು ಜಗಳಕ್ಕೆ ನಿಲ್ಲುವ ಪೈಕಿ. ಅವತ್ತು ಜಗಳ ಆಡುವುದಕ್ಕೂ ತ್ರಾಣ ಇರಲಿಲ್ಲ. ಅಪ್ಪನನ್ನು ನೋಡುತ್ತಾ ಕೂತಿದ್ದೆ.

ಸಕ್ಕರೆ ಕಾಯಿಲೆ ಅಪ್ಪನ ಕಣ್ಣು ತಿಂದು ಬಹಳ ವರ್ಷವಾಯಿತು. ಈ ಮನೆಯೊಳಗೆ ಮಾತ್ರ ಅವನು ಕುರುಡನಲ್ಲ. ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗುತ್ತಾನೆ. ಏಣಿ ಹತ್ತಿ ಅಟ್ಟದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಒಳಗೆ ಕೊಬ್ಬರಿ ಕಳಚಿಕೊಂಡು ಗೊಟಗೊಟ ಅಂದರೆ ಕೆಳಗೆ ಕೊಡುತ್ತಾನೆ. ಹಿಂದೊಮ್ಮೆ ಆಸ್ಪತ್ರೆಯಿಂದ ಬಂದವನನ್ನು ತುರುವೇಕೆರೆಯ ನನ್ನ ಬಾಡಿಗೆ ಕೋಣೆಯಲ್ಲಿ ಇಟ್ಟುಕೊಂಡಿದ್ದೆ. ಬಚ್ಚಲಿಗೆ ಕರಕೊಂಡು ಹೋಗು ಅಂತ ಪ್ರತಿ ಸಲ ಕೇಳಬೇಕಲ್ಲ ಅಂತ ನೀರು ಕುಡಿಯೋದನ್ನೇ ಬಿಟ್ಟಿದ್ದ. ಅವ್ವನೂ ಇಲ್ಲದೆ, ಈ ಗೋಡೆಗಳೂ ಇಲ್ಲದೆ ಮೂರು ತಿಂಗಳು ಅಪ್ಪ ಉಳಿಯುವುದಿಲ್ಲ ಅನ್ನಿಸಿತು.

ಆಗ ಹೊಳೆಯಿತು. ಟೈಮ್ ತಪ್ಪು ಅಂತಲೇ ರಿಪೇರಿಗೆ ಬಂದ ಕಂಪ್ಯೂಟರಿನಲ್ಲಿ ನಾನು ಅವ್ವನ ಸಾವಿನ ಗಂಟೆ ನೋಡಿದ್ದೆ! ಊರವರ ಕಂಪ್ಯೂಟರಿನ ಗಡಿಯಾರ ತಿದ್ದುವವನ ಬುದ್ಧಿ ಇಷ್ಟು.

ಜೋಯಿಸರಿಗೆ ತಿಳಿಯೋ ಹಾಗೆ ಹೇಳಿದೆ. ಆರಿಸಿದ ಮೇಲೂ ಕಂಪ್ಯೂಟರಿನೊಳಗೊಂದು ಗಡಿಯಾರ ನಡೆಯುತ್ತಿರುತ್ತದೆ. ಕೈಗಡಿಯಾರದಲ್ಲಿರುವಂಥದ್ದೇ ಒಂದು ಚೂರು ಹರಳು ಸಣ್ಣ ಸೆಲ್ಲಿನ ಬಲದಲ್ಲಿ ಅದುರುತ್ತದೆ, ಆ ಅದುರುವಿಕೆ ಎಣಿಸಿ ಸೆಕೆಂಡು ಲೆಕ್ಕ ಹಾಕುತ್ತದೆ. ಬಿಸಿಲಿಗೆ ಚಳಿಗೆ ಹರಳಿನ ಲೆಕ್ಕ ಒಂಚೂರು ಹೆಚ್ಚುಕಮ್ಮಿ ಆಗೋದು ಇದ್ದದ್ದೇ. ಸೆಲ್ ಸೊರಗಿತೋ, ಆರಿಸಿಟ್ಟಷ್ಟು ಹೊತ್ತೂ ಹಿಂದೆ ಬೀಳುತ್ತದೆ. ನೆಟ್ ಇದ್ದರೆ ದೂರದ ಸರ್ವರ್ ಕಂಪ್ಯೂಟರನ್ನು ಕೇಳಿ ತಿದ್ದಿಕೊಳ್ಳುತ್ತದೆ. ಆ ಸರ್ವರ್ ಪರಮಾಣು ಗಡಿಯಾರದಿಂದ ಟೈಮ್ ಪಡೆದಿರುತ್ತದೆ. ಮಂಡಿಯ ಕಂಪ್ಯೂಟರಿಗೆ ನೆಟ್ಟೇ ಇರಲಿಲ್ಲ.

ನಿನ್ನೆಯಿಂದ ಯಾರೂ ಅದನ್ನು ಆರಿಸಿರಲಿಲ್ಲ, ಹಾಗೇ ಗುಂಯ್ ಅನ್ನುತ್ತಿತ್ತು; ನಿನ್ನೆ ಎಷ್ಟು ಹಿಂದಿತ್ತೋ ಇವತ್ತೂ ಅಷ್ಟೇ ಹಿಂದಿರಬೇಕು. ಎಲ್ಲರ ಎದುರಿಗೆ ನನ್ನ ಫೋನಿನ ನೆಟ್ ಕೊಟ್ಟು ಟೈಮ್ ಸರಿಮಾಡುವ ಗುಂಡಿ ಒತ್ತಿದೆ. ಅಂಕಿ ಒಮ್ಮೆಗೇ ಇಪ್ಪತ್ತು ನಿಮಿಷ ಮುಂದಕ್ಕೆ ಹಾರಿತು.

"ಹಾಗಾದ್ರೆ ಮೂರೂವರೆ ದಾಟಿತ್ತು. ದೋಷ ಇಲ್ಲ" ಅಂತ ಜೋಯಿಸರು ಪಂಚಾಂಗ ಮುಚ್ಚಿದರು. ಚಿಕ್ಕಪ್ಪನಂತೂ, "ಪರಮಾಣು ಅಂದ್ಮೇಲೆ ಇನ್ನೇನೈತೆ ಬುಡು" ಅಂದು ಬೀಡಿ ಹಚ್ಚಿಕೊಂಡು ಹೊರಗೆ ಹೋದ.

ಎಲ್ಲರೂ ಹೋದ ಮೇಲೆ ಅಪ್ಪ ಗೋಡೆ ಸವರಿಕೊಂಡು ಪಡಸಾಲೆಗೆ ಬಂದ.

"ಆ ದೂರದ ಗಡಿಯಾರ ತಪ್ಪಾಕಿಲ್ವಾ?"

"ಇಲ್ಲಪ್ಪ."

ಗೋಡೆಗೆ ಒರಗಿ ನಿಂತ. "ನಿನ್ನ ಕರೆಯೋಕ್ ಮುಂಚೇನೇ ಅವಳು ಹೋಗ್ಬುಟ್ಟಿದ್ಲು ಕಣ್ಲಾ. ಬಾಳ ಹೊತ್ತಾಗಿತ್ತು. ಕೈ ತಣ್ಣಗಾಗೋಗಂಟ ಹಿಡ್ಕಂಡೇ ಕೂತಿದ್ದೆ. ಕರೆದ್ರೆ ನೀವೆಲ್ಲ ಬಂದು ಬುಡಿಸ್ಕಂತೀರಲ್ಲ ಅಂತ."

ಪರಮಾಣು ಹೇಳಿದ್ದು ನಾನು ಎದ್ದು ಬಂದ ಗಂಟೆಯನ್ನು. ಅವ್ವ ಹೋದ ಗಂಟೆ ಅಪ್ಪನ ಅಂಗೈಗೆ ಮಾತ್ರ ಗೊತ್ತಿತ್ತು, ಅದು ಮೂರೂವರೆಗೂ ಮುಂಚೆ, ಕೆಟ್ಟ ನಕ್ಷತ್ರದ ಒಳಗೇ ಇತ್ತು.

"ಬಾಗ್ಲು ಹಾಕ್ಬೇಕಾ?" ಅಂದ. ಅವನ ದನಿಯಲ್ಲಿ ಹೆದರಿಕೆ ಇತ್ತು.

"ಬೇಡಪ್ಪ. ಟೈಮ್ ಸರಿಯಾಗೈತೆ" ಅಂದೆ.

ಅಪ್ಪ ತಿರುಗಿ ಒಳಕೋಣೆಗೆ ನಡೆದ. ಅವ್ವನ ಮಂಚದ ಹತ್ತಿರ ಬಂದಾಗ, ಅವಳ ಕಾಲಿಗೆ ತಾಗಬಾರದು ಅಂತ ದಿನಾ ಸರಿಯುತ್ತಿದ್ದ ಹಾಗೇ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಹೋದ.