ಕಳ್ಳರಿಗೂ ಬೇಡವಾದ ಫೋಟೊ

ಸ್ನೇಹಿತರೇ, ಬಂಟ್ವಾಳದಲ್ಲಿ ನನ್ನ ಸ್ಟುಡಿಯೊದ ಎದುರೇ ಸ್ಟುಡಿಯೊ ಇಟ್ಟಿರುವ ವಿಠಲ ಇವತ್ತು ಬೆಳಿಗ್ಗೆ ಕೆಂಡಾಮಂಡಲವಾಗಿ ಬಂದ. ಮೂಡುಬಿದಿರೆ ಕಂಬಳದಲ್ಲಿ ಅವನು ತೆಗೆದ ಫೋಟೊವನ್ನು ಯಾವುದೋ ವೆಬ್‌ಸೈಟಿನವರು ಕೇಳದೆ ಹಾಕಿಕೊಂಡಿದ್ದರು.

"ನೋಡು ಮಾರಾಯ, ನನ್ನ ಹೆಸರೂ ಇಲ್ಲ. ಹಗಲು ದರೋಡೆ ಅಲ್ವಾ ಇದು?"

"ಹೌದು, ಕೇಸು ಹಾಕುವ" ಎಂದೆ. ಒಳಗೆ ಹೊಟ್ಟೆ ಉರಿಯುತ್ತಿತ್ತು. ಕೋಣಗಳ ಓಟಕ್ಕೆ ನೀರು ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆಗೆ ಚಿಮ್ಮಿದ ಅದೇ ಕ್ಷಣವನ್ನು ಅವನ ಪಕ್ಕದಲ್ಲೇ ಕೆಸರಲ್ಲಿ ಕೂತು ನಾನೂ ತೆಗೆದಿದ್ದೆ. ನನ್ನದೇ ಚೆನ್ನಾಗಿತ್ತು. ಬ್ಲಾಗಿಗೂ ಹಾಕಿದ್ದೆ.

"ನನ್ನದು ಅವರಿಗೆ ಕಾಣಲಿಲ್ವಾ?" ಎಂದು ಕೇಳಿಯೇಬಿಟ್ಟೆ.

"ನಿನ್ನದನ್ನು ಯಾರು ಕದಿಯುವುದು ಮಾರಾಯ? ಅದರಲ್ಲಿ ಕೋಣಕ್ಕಿಂತ ದೊಡ್ಡದಾಗಿ ನಿನ್ನ ಹೆಸರು ಉಂಟು."

ಸಂಜೆಯವರೆಗೆ ಕೂತು ಬ್ಲಾಗಿನ ಅಷ್ಟೂ ಫೋಟೊಗಳಿಂದ ನನ್ನ ಹೆಸರನ್ನು ಅಳಿಸಿದ್ದೇನೆ. ಕದಿಯುವವರಿಗೆ ಇನ್ನು ಯಾವ ಅಡ್ಡಿಯೂ ಇಲ್ಲ.