ಪಕ್ಕದ ಮನೆ ಹುಡುಗನ ತೂಕ

ಮೊನ್ನೆ ನೀರುಮಜ್ಜಿಗೆಗೆ ಇಂಗಿನ ಒಗ್ಗರಣೆ ಹಾಕಿದೆ. ಆ ವಾಸನೆಗೆ ನೆನಪಾದವನು ಅಡಿಲೇಡಿನ ಮಾಡ್ಬರಿ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಗೆ ಬಂದಿದ್ದ ಅಮೆರಿಕದ ಹುಡುಗ...

ಎಂಬತ್ತರ ದಶಕ. ಅಪ್ಪ ಅಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ್. ಹುಡುಗ ಪಕ್ಕದ ಮನೆ ಆಂಟಿಯ ಅಕ್ಕನ ಮಗ. ಬಾಗಿಲಲ್ಲಿ ನಿಂತರೆ ಬೆಳಕು ಒಳಗೆ ಬರುತ್ತಿರಲಿಲ್ಲ. ಅವರ ದೇಶದ ಫುಟ್‌ಬಾಲಿನಲ್ಲಿ ಸಂಬಳ ಕೊಟ್ಟು ಆಡಿಸುವ ತಂಡವೊಂದು, ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಡೆಯಲು ಅವನನ್ನು ಹೊಸದಾಗಿ ಸೇರಿಸಿಕೊಂಡು, ಪಂದ್ಯಗಳು ಶುರುವಾಗುವ ಮೊದಲೇ ಕೈಬಿಟ್ಟಿತ್ತು. ಓಟ ನಿಧಾನ, ತೂಕ ಇಳಿಸಿಕೊಂಡು ಬಾ, ಮುಂದಿನ ಸಲ ನೋಡೋಣ ಎಂದಿದ್ದನಂತೆ ಕೋಚ್. ಇದು ನಮಗೆ ಆಮೇಲೆ ತಿಳಿದದ್ದು.

ಅಮ್ಮನಿಗೆ ಕಂಡದ್ದು ಮನೆ ಬಿಟ್ಟು ಬಂದ ದೊಡ್ಡ ಮೈಯ ಹುಡುಗ, ಅಷ್ಟೇ. ಸಂಜೆ ಕರೆದು ಕೂರಿಸಿ ದೋಸೆ ಹಾಕುತ್ತಿದ್ದಳು. ನಮ್ಮಲ್ಲಿ ಮೊದಲನೇ ‘ಸಾಕು’ ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಅವನು “ನೋ ಥ್ಯಾಂಕ್ಯೂ, ಆಂಟಿ” ಅಂದರೆ ಇನ್ನೊಂದು ಬೀಳುತ್ತಿತ್ತು. ಬಡಿಸಿದ್ದನ್ನು ಬಿಡಬಾರದೆಂದು ಅವರಮ್ಮ ಕಲಿಸಿದ್ದಳೇನೋ, ತಟ್ಟೆ ಖಾಲಿ ಮಾಡುತ್ತಿದ್ದ. ಖಾಲಿ ತಟ್ಟೆ ಕಂಡರೆ ಅಮ್ಮ ಸುಮ್ಮನಿರುವವಳೇ ಅಲ್ಲ.

ಒಂದು ಮಧ್ಯಾಹ್ನ, ಸುಡುವ ಬಿಸಿಲಲ್ಲಿ, ಹುಡುಗ ಕಸದ ಪ್ಲಾಸ್ಟಿಕ್ ಚೀಲ ತೊಟ್ಟುಕೊಂಡು ಬೆವರಿಳಿಸುತ್ತ ಓಡುತ್ತಿದ್ದ. ಅಪ್ಪ ಕಾರು ನಿಲ್ಲಿಸಿ, ಹತ್ತಿಸಿಕೊಂಡು ನೀರು ಕುಡಿಸಿದಾಗ ವಿಷಯವೆಲ್ಲ ಹೊರಬಂತು.

“ದೋಸೆ ಹಾಕಿ ಹಾಕಿ ಆ ಹುಡುಗನ ಹೊಟ್ಟೆ ಮೇಲೆ ಹೊಡೀತಿದೀಯಲ್ಲೇ” ಅಂದರು ಅಪ್ಪ ಮನೆಗೆ ಬಂದು. “ಸಣ್ಣ ಆದ್ರೇನೇ ಅವನಿಗೆ ಕೆಲಸ.”

“ಮೊದ್ಲೇ ಹೇಳೋಕೆ ಅವ್ನಿಗೆ ಬಾಯಿರ್ಲಿಲ್ವಾ?”

“ಬಾಯ್ತುಂಬ ನಿನ್ನ ದೋಸೆ ಇತ್ತಲ್ಲ.”

ಅಮ್ಮ ನಗಲಿಲ್ಲ. ಮಾರನೆಯ ದಿನದಿಂದ ಕೋಸಂಬರಿ, ನೀರುಮಜ್ಜಿಗೆ. ಅವನು ಕಾವಲಿಯತ್ತ ನೋಡಿ, “ನೋ ದೋಸಾ, ಆಂಟಿ?” ಅಂದ.

“ಮೊದ್ಲು ಟೀಮಿಗೆ ಸೇರ್ಲಿ, ಆಮೇಲೆ ಹೊಟ್ಟೆ ಬಿರಿಯೋಷ್ಟು ಹಾಕ್ತೀನಿ ಅನ್ನೇ” ಎಂದಳು ಅಮ್ಮ ನನಗೆ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ತಲೆಯಾಡಿಸಿ ಮಜ್ಜಿಗೆ ಕುಡಿದ. ಅಮ್ಮ ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

ಅಮೆರಿಕಕ್ಕೆ ಹೊರಡುವ ಹೊತ್ತಿಗೆ ಅವನ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಅವತ್ತೂ ಮಜ್ಜಿಗೆಯೇ. ಒಂದು ದೋಸೆ ಹಾಕಲೇ ಎಂದು ಕೇಳಲು ಬಾಯಿಗೆ ಬಂದದ್ದನ್ನು ಅಮ್ಮ ನುಂಗಿಕೊಂಡಳು...

ಕೆಲವು ವಾರಗಳಾದ ಮೇಲೆ ಆಂಟಿ ಬೇಲಿಯಾಚೆಯಿಂದ ಸುದ್ದಿ ಹೇಳಿದರು. ಹಳೆಯ ಕೋಚ್ ಹೋಗಿ ಹೊಸಬ ಬಂದಿದ್ದನಂತೆ. ಇಬ್ಬರು ಸೇರಿ ತಳ್ಳಿದರೂ ಕದಲದ ಆಳು ಬೇಕು, ನಿನ್ನ ತೂಕ ಸಾಲದು ಎಂದು ಹುಡುಗನನ್ನು ವಾಪಸು ಕಳಿಸಿದ್ದನಂತೆ. ಅವನು ಅಲ್ಲೇ ಬೇರೇನೋ ಕೆಲಸ ಹಿಡಿದ. ಅಡಿಲೇಡಿಗೆ ಮತ್ತೆ ಬರಲಿಲ್ಲ.

ಆಟದ ವಿಚಾರವನ್ನೆಲ್ಲ ಅಮ್ಮ ಬೇಗ ಮರೆತಳು. ದೋಸೆ ಹುಯ್ಯುವಾಗ ಮಾತ್ರ, “ನಮ್ಮನೆಯಿಂದ ಹಸ್ಕೊಂಡ್ ಹೋದ ಕಣೆ ಆ ಹುಡುಗ” ಅನ್ನುತ್ತಿದ್ದಳು. ಕೊನೆಯವರೆಗೂ ಅಂದಳು.

ಅಮ್ಮ ಹೋಗಿ ವರ್ಷಗಳಾದವು. ಹೋದ ತಿಂಗಳು ಆ ಆಂಟಿ, ಈಗ ಬಹಳ ವಯಸ್ಸಾಗಿದೆ ಅವರಿಗೆ, ಫೋನ್ ಮಾಡಿ ಅವನೂ ತೀರಿಕೊಂಡ ಅಂದರು. ಮೊನ್ನೆ ಆ ಮಜ್ಜಿಗೆ ಲೋಟ ಕೈಗೆತ್ತಿಕೊಂಡೆ. ಕುಡಿಯಲು ಮನಸ್ಸಾಗಲಿಲ್ಲ. ದೋಸೆಗೆ ನೆನೆಹಾಕಿದೆ.